ವ್ಯಾಸರಲ್ಲಿಲ್ಲ, ಲಕ್ಷ್ಮೀಶನಲ್ಲಿದೆ ಮೇಷ್ಟ್ರೇ

ನಮಸ್ಕಾರ ಮೇಷ್ಟ್ರೇ,

ನಿಮ್ಮ ಪತ್ರ ಸಿಕ್ಕಿತು. ನಮ್ಮ ಪೌರಾಣಿಕ ಚಿತ್ರಗಳ ವಿಶೇಷ ಸಂಚಿಕೆ ಓದಿ, ಐದನೇ ಕ್ಲಾಸಿನ ಮೊಮ್ಮಗನ ಜೊತೆ ಕೂತು ‘ಬಭ್ರುವಾಹನ’ ನೋಡಿದಿರಿ. ಅರ್ಜುನ ಸ್ವಂತ ಮಗನನ್ನೇ ‘ನನ್ನವನಲ್ಲ’ ಅನ್ನುವುದು, ಅವನ ತಾಯಿ ಚಿತ್ರಾಂಗದೆಯ ಶೀಲವನ್ನು ಅನುಮಾನಿಸುವುದು ನಿಮಗೆ ಸಹಿಸಲಾಗಲಿಲ್ಲ. ವ್ಯಾಸಭಾರತದ ಕನ್ನಡ ಅನುವಾದ ತೆಗೆದು ನೋಡಿದರೆ ಆ ಮಾತು ಅಲ್ಲಿ ಇರಲೇ ಇಲ್ಲ. ಸಿನಿಮಾದವರು ಚಪ್ಪಾಳೆಗಾಗಿ ಮಹಾಭಾರತವನ್ನೇ ತಿದ್ದಿದ್ದಾರೆ, ನೀವು ಅಂಥದ್ದನ್ನು ಹೊಗಳಿದ್ದೀರಿ ಎಂದು ಬರೆದಿದ್ದೀರಿ. ಮೊಮ್ಮಗನಿಗೆ ಮುಂದೆ ಏನು ತೋರಿಸಲಿ ಅಂತಲೂ ಕೇಳಿದ್ದೀರಿ.

ಸಿನಿಮಾ ನೋಡಿ ಗ್ರಂಥ ತೆಗೆಯುವ ಓದುಗರು ಎಷ್ಟು ಜನ ಇದ್ದಾರು? ಅದಕ್ಕೇ ನಾಲ್ಕು ಸಾಲಿನಲ್ಲಿ ಮುಗಿಸದೆ ವಿವರವಾಗಿ ಬರೆಯುತ್ತಿದ್ದೇನೆ.

ನೀವು ಓದಿದ್ದು ಸರಿಯಾಗೇ ಇದೆ. ವ್ಯಾಸರ ಅಶ್ವಮೇಧ ಪರ್ವದಲ್ಲಿ ಯಾಗದ ಕುದುರೆ ಮಣಿಪುರಕ್ಕೆ ಬಂದಾಗ ಬಭ್ರುವಾಹನ ಕಾಣಿಕೆ ಹಿಡಿದು ತಂದೆಯನ್ನು ಎದುರುಗೊಳ್ಳುತ್ತಾನೆ. ಅರ್ಜುನನಿಗೆ ಅದು ಹಿಡಿಸುವುದಿಲ್ಲ. ನಾನು ಆಯುಧ ಹಿಡಿದು ಬಂದಿದ್ದೇನೆ, ನೀನು ಯುದ್ಧ ಮಾಡದೆ ಕಾಣಿಕೆ ತರುತ್ತೀಯಾ ಅಂತ ಬೈಯುತ್ತಾನೆ. ಆಗ ಅರ್ಜುನನ ಇನ್ನೊಬ್ಬ ಹೆಂಡತಿ, ನಾಗಕನ್ಯೆ ಉಲೂಪಿ ನೆಲ ಸೀಳಿಕೊಂಡು ಬಂದು ಹುಡುಗನನ್ನು ಯುದ್ಧಕ್ಕೆ ಹುರಿದುಂಬಿಸುತ್ತಾಳೆ. ಅಲ್ಲಿ ಬೈಗುಳವೆಲ್ಲ ಹೇಡಿತನದ ಬಗ್ಗೆ. ತಾಯಿಯ ಶೀಲದ ಮಾತು ಬರುವುದಿಲ್ಲ.

ಆದರೆ ಹುಣಸೂರು ಕೃಷ್ಣಮೂರ್ತಿ 1977ರಲ್ಲಿ ತೆರೆಗೆ ತಂದ ಜಗಳ ಇದಲ್ಲ. ಅದು ಜೈಮಿನಿ ಭಾರತದ್ದು, ಅಂದರೆ ನಮ್ಮ ಪಾಲಿಗೆ ದೇವನೂರಿನ ಕವಿ ಲಕ್ಷ್ಮೀಶ ಕನ್ನಡದಲ್ಲಿ ಹೇಳಿದ್ದು. ಅಲ್ಲಿ ಅರ್ಜುನ ಕಾಲಿಗೆರಗಿದ ಮಗನನ್ನು ಒದೆಯುತ್ತಾನೆ. ನನ್ನ ಮಗನಾಗಿದ್ದರೆ ಕಟ್ಟಿದ ಕುದುರೆ ಬಿಟ್ಟುಕೊಡುತ್ತಿದ್ದೆಯಾ, ನನಗೆ ಹುಟ್ಟಿದವನು ಅಂದರೆ ಅಭಿಮನ್ಯು ಎಂಬ ಧಾಟಿಯಲ್ಲಿ ಹೀಯಾಳಿಸುತ್ತಾನೆ. ತಾಯಿಯನ್ನೂ ಬಿಡುವುದಿಲ್ಲ. ಹುಡುಗ ತಿರುಗಿಬೀಳುವುದು ಅಲ್ಲಿಂದಲೇ. ನಿಮಗೆ ನೋವು ಕೊಟ್ಟ ಮಾತು ಸಿನಿಮಾ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಕನ್ನಡದ ಷಟ್ಪದಿಯಲ್ಲಿತ್ತು.

ಇದು ಕನ್ನಡದಲ್ಲಿ ಗಟ್ಟಿಯಾಗಿ ಕೂರಲು ಒಂದು ಕಾರಣವೂ ಇದೆ. ಕುಮಾರವ್ಯಾಸ ಭಾರತ ಹತ್ತು ಪರ್ವಕ್ಕೆ, ಗದಾಪರ್ವಕ್ಕೆ, ನಿಲ್ಲುತ್ತದೆ. ಉಳಿದ ಪರ್ವಗಳನ್ನು ತಿಮ್ಮಣ್ಣ ಕವಿ ಬರೆದ, ನಿಜ. ಆದರೆ ಅಶ್ವಮೇಧದ ಕಥೆಯನ್ನು ಜನ ಕೇಳಿದ್ದು ಜಾಸ್ತಿ ಲಕ್ಷ್ಮೀಶನಿಂದಲೇ. ಗಮಕಿಗಳು ಅದನ್ನೇ ವಾಚಿಸಿದರು. ಯಕ್ಷಗಾನದಲ್ಲಿ ಅದು ‘ಬಭ್ರುವಾಹನ ಕಾಳಗ’ ಆಯಿತು. ವೇಷವಿಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯಲ್ಲಿ ಕುದುರೆ, ಯುದ್ಧ ಎಲ್ಲ ಬೇಗ ಮುಗಿದುಹೋಗುತ್ತದೆ. ಅರ್ಥಧಾರಿಗಳು ತಾಸುಗಟ್ಟಲೆ ಬಿಡದೆ ಹಿಡಿದುಕೊಳ್ಳುವುದು ಇದೇ ಪ್ರಶ್ನೆಯನ್ನು: ಅಪ್ಪ ಮಗನನ್ನು ಅಲ್ಲಗಳೆದರೆ ಮಗನ ಧರ್ಮ ಏನು? ತಾಯಿಯ ಮಾನ ಮೊದಲೋ, ತಂದೆಯ ಪಾದ ಮೊದಲೋ?

ಸಿನಿಮಾಕ್ಕೆ ಈ ಕಥೆ ಬಂದಿದ್ದು ಈ ದಾರಿಯಿಂದ. ಹುಣಸೂರರು ರಂಗಭೂಮಿಯಿಂದ ಬಂದವರು. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ನಾಟಕ ಕಂಪನಿಯ ನಟರು. ರಾಜ್‌ಕುಮಾರ್ ಹುಡುಗನಾಗಿದ್ದಾಗಲೇ ಅದೇ ಕಂಪನಿ ಸೇರಿದರು. ಅವರ ಕಿವಿಯಲ್ಲಿ ಇದ್ದದ್ದು ರಂಗಗೀತೆಯ ಭಾರತ. ‘ಯಾರು ತಿಳಿಯರು ನಿನ್ನ’ ಹಾಡನ್ನೇ ಇನ್ನೊಮ್ಮೆ ಕೇಳಿ. ಟಿ.ಜಿ. ಲಿಂಗಪ್ಪನವರ ಸಂಗೀತ. ಅರ್ಜುನ, ಬಭ್ರುವಾಹನ ಇಬ್ಬರೂ ರಾಜ್‌ಕುಮಾರ್ ಅವರೇ, ತೆರೆಯ ಮೇಲಿನ ಎರಡೂ ಮುಖ ಒಬ್ಬರದೇ. ದನಿ ಮಾತ್ರ ಎರಡು, ಪಿ.ಬಿ. ಶ್ರೀನಿವಾಸ್ ಅವರದು ಮತ್ತು ರಾಜ್‌ಕುಮಾರ್ ಅವರದು. ಒಬ್ಬ ಒಂದು ನುಡಿ ಎತ್ತಿದರೆ ಇನ್ನೊಬ್ಬ ಅದಕ್ಕೆ ತಿರುಗೇಟು ಕೊಡುತ್ತಾನೆ. ಕಂಪನಿ ನಾಟಕದ ವಾದದ ಹಾಡು ಇದು. ನಿನ್ನ ಗೆಲುವೆಲ್ಲ ನಿನ್ನದೇ ಬಲದ್ದಾ ಅಂತ ಮಗ ತಂದೆಯನ್ನು ಕೆಣಕುವಾಗ ಇಡೀ ಕುರುಕ್ಷೇತ್ರದ ಲೆಕ್ಕ ಮತ್ತೆ ತೆರೆದುಕೊಳ್ಳುತ್ತದೆ.

ಈಗ ಕಂಪ್ಯೂಟರ್ ಇದೆ. ಆಗ ದ್ವಿಪಾತ್ರ ಅಂದರೆ ಲೆನ್ಸಿನ ಅರ್ಧ ಭಾಗಕ್ಕೆ ಕಪ್ಪು ಮರೆ ಕಟ್ಟಬೇಕು, ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಾಡದ ಹಾಗೆ ಬಿಗಿಯಬೇಕು. ಒಂದು ಪಾತ್ರ ಮುಗಿದ ಮೇಲೆ ಫಿಲಂ ಹಿಂದಕ್ಕೆ ಸುತ್ತಿ, ವೇಷ ಬದಲಿಸಿ, ಇನ್ನರ್ಧ ತೆಗೆಯಬೇಕು. ನಟನ ಎದುರಿಗೆ ಯಾರೂ ಇರುವುದಿಲ್ಲ. ಖಾಲಿ ಜಾಗದ ಮೇಲೆ ಕಣ್ಣು ನೆಟ್ಟು ಸಿಟ್ಟು ತರಿಸಿಕೊಳ್ಳಬೇಕು. ರಾಜ್‌ಕುಮಾರ್ ಅವರಿಗೆ ಆಗ 48ರ ಆಸುಪಾಸು. ಆದರೂ ಬಭ್ರುವಾಹನನ ನಿಲುವಿನಲ್ಲಿ ಹುಡುಗನ ಬಿಸಿರಕ್ತ ಕಾಣುತ್ತದೆ, ಅರ್ಜುನನ ಕತ್ತಿನಲ್ಲಿ ಗೆದ್ದು ಗೆದ್ದು ಬಂದ ಗರ್ವ ಕಾಣುತ್ತದೆ. ನಾವು ಹೊಗಳಿದ್ದು ಇದನ್ನು. ಈಗಲೂ ಹೊಗಳುತ್ತೇನೆ.

‘ವ್ಯಾಸರಲ್ಲಿ ಇದೆಯಾ’ ಎಂಬ ಒಂದೇ ಅಳತೆ ಹಿಡಿದರೆ ನಮ್ಮ ಚಿತ್ರರಂಗದ ಮೊದಲ ಹೆಜ್ಜೆಯೇ ತಪ್ಪಾಗುತ್ತದೆ. ಕನ್ನಡದ ಮೊದಲ ಟಾಕಿ 1934ರ ‘ಸತಿ ಸುಲೋಚನ’. ವಾಲ್ಮೀಕಿಯಲ್ಲಿ ಸುಲೋಚನೆಯೇ ಇಲ್ಲ. ಇಂದ್ರಜಿತುವಿನ ಹೆಂಡತಿಗೆ ಹೆಸರು, ಪ್ರೀತಿ, ದುಃಖ ಕೊಟ್ಟವರು ಆಮೇಲಿನ ಕಥೆಗಾರರು, ನಾಟಕದವರು. 1957ರ ‘ಮಾಯಾಬಜಾರ್’ ತಗೊಳ್ಳಿ. ಬಲರಾಮನ ಮಗಳು ಶಶಿರೇಖೆ ವ್ಯಾಸರಿಗೆ ಗೊತ್ತೇ ಇಲ್ಲ. ಅಲ್ಲಿ ಅಭಿಮನ್ಯು ಮದುವೆಯಾಗುವುದು ಉತ್ತರೆಯನ್ನು. ಕೆ.ವಿ. ರೆಡ್ಡಿ ಅವರು ಐವರು ಪಾಂಡವರನ್ನು ತೆರೆಗೇ ತರದೆ ಮಹಾಭಾರತದ ಸಿನಿಮಾ ಮಾಡಿದರು. ಅಷ್ಟಾದರೂ ಕೌರವರ ದುರಾಸೆ, ಕೃಷ್ಣನ ಜಾಣತನ, ಸುಭದ್ರೆಯ ಸ್ವಾಭಿಮಾನ ಎಲ್ಲ ಅದರಲ್ಲಿ ಸರಿಯಾಗಿ ಕೂತಿವೆ.

ಹಾಗಂತ ಸಿನಿಮಾದವರು ಮಾಡಿದ್ದೆಲ್ಲ ಸರಿ ಅನ್ನುತ್ತಿಲ್ಲ. ನನ್ನ ತಕರಾರು ಬೇರೆ ಕಡೆ ಇದೆ. ಆದಿಪರ್ವಕ್ಕೆ ಹೋಗಿ ನೋಡಿ. ಚಿತ್ರಾಂಗದೆಯನ್ನು ಕೊಡುವಾಗ ಅವಳಪ್ಪ ಚಿತ್ರವಾಹನ ಒಂದು ಷರತ್ತು ಹಾಕುತ್ತಾನೆ: ಹುಟ್ಟುವ ಮಗ ನನ್ನ ವಂಶಕ್ಕೆ ಸೇರಬೇಕು. ಅರ್ಜುನ ಒಪ್ಪಿಯೇ ಮದುವೆಯಾದದ್ದು. ಮಗ ತಂದೆಯಿಂದ ದೂರ ಬೆಳೆದದ್ದು ಆ ಒಪ್ಪಂದದಿಂದ. ಇದು ಗೊತ್ತಿದ್ದು ಲಕ್ಷ್ಮೀಶನ ಅರ್ಜುನನ ಮಾತು ಕೇಳಿದರೆ ಸಿಟ್ಟು ಇನ್ನೂ ಜಾಸ್ತಿಯಾಗುತ್ತದೆ, ಅಲ್ವಾ? ಮಾತು ಕೊಟ್ಟವನೇ ಮರೆತು ಕೇಳುತ್ತಿದ್ದಾನೆ. ಮಗನ ಬಾಣಕ್ಕೆ ಅರ್ಜುನ ಸತ್ತುಬಿದ್ದಾಗ ವ್ಯಾಸರ ಚಿತ್ರಾಂಗದೆ ರಣರಂಗಕ್ಕೇ ಬಂದು ಉಲೂಪಿಯನ್ನು ತರಾಟೆಗೆ ತಗೊಳ್ಳುತ್ತಾಳೆ. ನನ್ನ ಗಂಡನನ್ನು ಬದುಕಿಸು, ಇಲ್ಲವಾದರೆ ಇಲ್ಲೇ ಉಪವಾಸ ಕೂತು ಪ್ರಾಣ ಬಿಡುತ್ತೇನೆ ಅನ್ನುತ್ತಾಳೆ. ಸಿನಿಮಾದಲ್ಲಿ ಅವಳ ಪಾಲಿಗೆ ಕಣ್ಣೀರೇ ಜಾಸ್ತಿ. ಬಿ. ಸರೋಜಾದೇವಿಯಂಥ ನಟಿ ಇದ್ದರೂ ಆ ರಾಣಿಯ ಕೆಚ್ಚನ್ನು ಪೂರ್ತಿ ಬಳಸಿಕೊಳ್ಳಲಿಲ್ಲ. ನಮ್ಮ ಪೌರಾಣಿಕ ಚಿತ್ರಗಳಲ್ಲಿ ಮತ್ತೆ ಮತ್ತೆ ಇದೇ ಆಗಿದೆ. ಹೆಂಗಸರನ್ನು ಪತಿವ್ರತೆ ಮಾಡಿ, ಕೈಮುಗಿಸಿ ಮೂಲೆಗೆ ಕೂರಿಸಿಬಿಟ್ಟರು. ದೂರುವುದಾದರೆ ಇದನ್ನು ದೂರೋಣ. ವಿಶೇಷ ಸಂಚಿಕೆಯಲ್ಲಿ ನಾವು ಈ ಮಾತು ಬರೆಯಬೇಕಿತ್ತು ಅಂದರೆ ಖಂಡಿತ ಒಪ್ಪುತ್ತೇನೆ.

ಅದೇ 1977ರಲ್ಲಿ ಎನ್.ಟಿ. ರಾಮರಾವ್ ‘ದಾನವೀರ ಶೂರ ಕರ್ಣ’ದಲ್ಲಿ ಕರ್ಣ, ದುರ್ಯೋಧನ, ಕೃಷ್ಣ ಮೂವರೂ ತಾವೇ ಆಗಿ, ನಿರ್ದೇಶನವನ್ನೂ ಮಾಡಿದರು. ಮಲಯಾಳದಲ್ಲಿ ಜಿ. ಅರವಿಂದನ್ ‘ಕಾಂಚನ ಸೀತಾ’ ಮಾಡಿದರು. ಅಲ್ಲಿ ಆಂಧ್ರದ ಬುಡಕಟ್ಟು ಜನ ರಾಮ ಲಕ್ಷ್ಮಣರಾದರು. ಸೀತೆ ಮನುಷ್ಯರೂಪದಲ್ಲಿ ಬರುವುದೇ ಇಲ್ಲ. ಗಾಳಿ, ಎಲೆ, ನೀರಿನಲ್ಲಿ ಇರುತ್ತಾಳೆ. ಒಂದೇ ವರ್ಷ, ಮೂರು ಭಾಷೆ, ಮೂರು ದಾರಿ. ಯಾವುದೂ ಮೂಲದ ಅಕ್ಷರ ಅಕ್ಷರ ನಕಲಲ್ಲ.

ಇನ್ನು ಮೊಮ್ಮಗನ ವಿಷಯ. ಮೊದಲು ‘ಮಾಯಾಬಜಾರ್’ ತೋರಿಸಿ. ತೆಲುಗಿನಲ್ಲಿದ್ದರೂ ಹುಡುಗನಿಗೆ ಕಷ್ಟ ಆಗುವುದಿಲ್ಲ. ಎಸ್.ವಿ. ರಂಗರಾವ್ ಅವರ ಘಟೋತ್ಕಚ ಮದುವೆ ಊಟದ ಮುಂದೆ ಕೂತಾಗ ಲಾಡು ತಾನಾಗಿ ಬಾಯಿಗೆ ಹಾರುತ್ತದೆ. ಅದನ್ನು ಹೇಗೆ ತೆಗೆದಿರಬಹುದು ಅಂತ ಅವನೇ ಊಹಿಸಲಿ. ಸಾವಿತ್ರಿಯವರನ್ನು ಗಮನಿಸಲು ಹೇಳಿ: ಮೈ ಶಶಿರೇಖೆಯದು, ಒಳಗಿರುವವನು ಘಟೋತ್ಕಚ. ಆ ಭುಜ ಕುಣಿಸುವುದು, ಕಣ್ಣು ಅರಳಿಸುವುದು ನೋಡಿದರೆ ಯಾರು ಒಳಗಿದ್ದಾರೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ.

ಆಮೇಲೆ ತಮಿಳಿನ ‘ಕರ್ಣನ್’, 1964ರದ್ದು. ಕನ್ನಡಕ್ಕೂ ದುಡಿದ ಬಿ.ಆರ್. ಪಂತುಲು ಅವರ ಚಿತ್ರ, ಶಿವಾಜಿ ಗಣೇಶನ್ ಕರ್ಣ. ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಎಂದ ಪಂಪನ ಪದ್ಯವನ್ನು ನೀವು ಕ್ಲಾಸಿನಲ್ಲಿ ಎಷ್ಟು ಸಲ ಪಾಠ ಮಾಡಿದ್ದೀರೋ! ಅದನ್ನು ಅವನಿಗೆ ಒಮ್ಮೆ ಹೇಳಿಯೇ ಚಿತ್ರ ಹಾಕಿ.

‘ಬಭ್ರುವಾಹನ’ ಮಾತ್ರ ಅವನಿಂದ ಮುಚ್ಚಿಡಬೇಡಿ ಮೇಷ್ಟ್ರೇ. ಇನ್ನೊಂದು ಸಲ ನೋಡುವ ಮುಂಚೆ ಲಕ್ಷ್ಮೀಶನ ಆ ಸಂಧಿ ಓದಿಕೊಳ್ಳಿ, ನಾಲ್ಕು ಪದ್ಯ ಅವನಿಗೂ ಓದಿ ಹೇಳಿ. ವ್ಯಾಸರಲ್ಲಿ ಹೀಗಿದೆ, ಲಕ್ಷ್ಮೀಶನಲ್ಲಿ ಹೀಗಿದೆ, ಸಿನಿಮಾದಲ್ಲಿ ಹೀಗೆ ತಗೊಂಡರು ಅಂತ ಮೂರನ್ನೂ ಮುಂದಿಡಿ. ಅರ್ಜುನ ಮಾಡಿದ್ದು ಸರಿಯಾ ಅಂತ ಅವನನ್ನೇ ಕೇಳಿ. ಏನು ಹೇಳಿದ ಅಂತ ನಮಗೂ ಬರೆಯಿರಿ, ಮಕ್ಕಳ ಪುಟದಲ್ಲಿ ಜಾಗ ಇಟ್ಟಿರುತ್ತೇನೆ.

– ಸಂಪಾದಕ