ಎರಡು ಎಂಎಲ್ ಹಾಲು

ತಂಗೀ,

ಕುಂದಾಪುರದಿಂದ ಮುಂಬಯಿಗೆ ಬಂದು ಐದೇ ತಿಂಗಳು, 31ನೇ ವಾರಕ್ಕೇ ಹೆರಿಗೆ, 1,300 ಗ್ರಾಂ ತೂಕದ ಗಂಡುಮಗು ಆರು ದಿನದಿಂದ ಎನ್‌ಐಸಿಯುನಲ್ಲಿ, ಅಂದರೆ ಎಳೆಮಕ್ಕಳ ತೀವ್ರ ನಿಗಾ ಘಟಕದಲ್ಲಿ, ಅಂತ ಬರೆದಿದ್ದೀಯ. ಆಸ್ಪತ್ರೆ ಹತ್ತಿರ ಕೋಣೆ ಹಿಡಿಯಲಾ, ಮಗುವನ್ನು ಊರಿಗೆ ಯಾವಾಗ ಕರಕೊಂಡು ಹೋಗಬಹುದು, ನಳಿಕೆಯಲ್ಲೇ ಹಾಲು ಕೊಡುತ್ತಾರಲ್ಲ, ನಾನಲ್ಲಿ ಕೂತು ಮಾಡುವುದೇನು ಅಂತ ಕೇಳಿದ್ದೀಯ.

ಕೋಣೆ ಹಿಡಿ. ಹಸಿ ಬಾಣಂತಿ ಲೋಕಲ್ ರೈಲು ಹತ್ತಬಾರದು. ನಾನು ದೂರದ ಡೊಂಬಿವಲಿಯಿಂದ ಓಡಾಡಿದೆ, ಯಾರೂ ಹಾಗೆ ಮಾಡಬಾರದು.

ಕೊನೆಯ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. 2008ರ ಮಳೆಗಾಲ. ನನ್ನ ಮಗಳು 30 ವಾರಕ್ಕೆ ಹುಟ್ಟಿದಳು, 1,240 ಗ್ರಾಂ. ನನಗೆ ಮರಾಠಿ ಬರುತ್ತಿರಲಿಲ್ಲ. ಸಿಸ್ಟರ್ ದಿನಾ 'ದೂಧ್ ಕಾಢೂನ್ ಆಣಾ' ಅನ್ನುತ್ತಿದ್ದರು. ಹಾಲು ತರಲು ಹೇಳುತ್ತಿದ್ದಾರೆ ಅಂತ ನಮ್ಮವರು ಅಂಗಡಿಯಿಂದ ಪೌಡರ್ ಡಬ್ಬಿ ತಂದರು. ಸಿಸ್ಟರ್ ಅದನ್ನು ಬದಿಗಿಟ್ಟು ಮತ್ತೆ ಅದನ್ನೇ ಹೇಳಿದರು. ನಾನು 'ಹೋ, ಹೋ' ಅಂತ ತಲೆಯಾಡಿಸಿ ಬಂದೆ. ನಿನ್ನ ಹಾಲನ್ನು ಹಿಂಡಿ ತಾ ಅನ್ನುವುದು ಸಿಸ್ಟರ್ ಮಾತಿನ ಅರ್ಥ.

ಅದೇ ಹೊತ್ತಿಗೆ ಊರಿಂದ ಫೋನಿನಲ್ಲಿ ಅತ್ತೆ, ಮೊದಲ ಹಳದಿ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲು ಅಂದರು. ಚೆಲ್ಲಿದೆ. ನಾಲ್ಕು ದಿನ, ಬಚ್ಚಲ ಬೇಸಿನ್‌ನಲ್ಲಿ, ನಲ್ಲಿ ತಿರುಗಿಸಿ.

ಐದನೇ ರಾತ್ರಿ ಅಮ್ಮನ ಹತ್ತಿರ ಫೋನಿನಲ್ಲಿ ಅಳುವುದು ಕೇಳಿ ಮಂಗಳೂರು ಕಡೆಯ ಒಬ್ಬ ಸಿಸ್ಟರ್ ಹತ್ತಿರ ಬಂದರು. ಸಿರಿಂಜ್ ತೋರಿಸಿ, 'ನಿಮ್ಮ ಮಗುವಿಗೆ ಎರಡು ಗಂಟೆಗೊಮ್ಮೆ ಎರಡು ಎಂಎಲ್, ಅಷ್ಟೇ' ಅಂದರು. ನಾನು ಒಂದು ಸಲಕ್ಕೆ ಚೆಲ್ಲುತ್ತಿದ್ದದ್ದೇ ಅದಕ್ಕಿಂತ ಜಾಸ್ತಿ ಇತ್ತು. ಕಲಿತು ಹಿಂಡಲು ಕೂತಾಗ ಎದೆ ಬತ್ತುತ್ತಾ ಬಂದಿತ್ತು.

ನೀನು ಮಾಡಬೇಕಾದದ್ದು ಅದೇ. ದಿನಕ್ಕೆ ಎಂಟು ಸಲವಾದರೂ ಹಿಂಡು, ರಾತ್ರಿಯೂ ಬಿಡಬೇಡ. ಹತ್ತು ಹನಿ ಬಂದರೂ ಒಯ್ದು ಕೊಡು. ದಿನ ತುಂಬದ ಮಗುವಿನ ಕರುಳು ತುಂಬ ಎಳೆಯದು, ಸೋಂಕಿನಿಂದ ಅದನ್ನು ಕಾಯಲು ತಾಯಿಹಾಲಿನಷ್ಟು ಬೇರೇನೂ ಆಗದು. ಹೀರಿ, ನುಂಗಿ, ಉಸಿರಾಡುವುದನ್ನು ಒಟ್ಟಿಗೆ ಮಾಡಲು ಮಗುವಿಗೆ ಸುಮಾರು 34 ವಾರ ಆಗಬೇಕು. ಅಲ್ಲಿಯವರೆಗೆ ನಳಿಕೆ, ಅದಕ್ಕೆ ಹೆದರಬೇಡ.

ಸಾಲದಿದ್ದರೆ ಹಾಲಿನ ಬ್ಯಾಂಕ್ ಬಗ್ಗೆ ಕೇಳು. ಈ ಊರಿನ ಸಯನ್ ಆಸ್ಪತ್ರೆಯಲ್ಲೇ 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ತೆರೆದದ್ದು. ಬೇರೆ ತಾಯಂದಿರ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಕೊಡುತ್ತಾರೆ. ಕಾಯಿಸಿದಾಗ ರೋಗ ತಡೆಯುವ ಅಂಶ ಸ್ವಲ್ಪ ಹೋಗುತ್ತದೆ, ಆದರೂ ಪೌಡರಿಗಿಂತ ಎಷ್ಟೋ ಮೇಲು. ನನ್ನ ಮಗಳಿಗೆ ಅರ್ಧ ಹಾಲು ಹಾಗೇ ಬಂತು. ಆ ತಾಯಂದಿರ ಮುಖ ನಾನು ನೋಡಿಲ್ಲ, ದೇವರಿಗೆ ದೀಪ ಹಚ್ಚುವಾಗ ಅವರ ನೆನಪೂ ಮಾಡುತ್ತೇನೆ.

ಡಾಕ್ಟರು ಒಪ್ಪಿದ ದಿನ ಮಗುವನ್ನು ಬರಿಯೆದೆಗೆ ಅಂಟಿಸಿ ಮಲಗಿಸಿಕೊಳ್ಳಲು ಕೊಡುತ್ತಾರೆ, ಕಾಂಗರೂ ಆರೈಕೆ ಅಂತಾರೆ. ಅಮೆ, ಹೆರಿಗೆಯ ಸೂತಕ, ಕಳೆಯಲಿ ಅಂತ ಯಾರು ಹೇಳಿದರೂ ಕಾಯಬೇಡ.

ಊರಿಗೆ ಹೋಗುವ ಆಸೆ ನನಗೆ ಗೊತ್ತು. ಅಮ್ಮ ಊರಿಂದ ಮತ್ಸ್ಯಗಂಧ ರೈಲಿನಲ್ಲಿ ಬಂದಿಳಿದಾಗ ಅವಳ ಸೀರೆಯ ವಾಸನೆಗೇ ನಾನು ಅತ್ತಿದ್ದೆ. ಆದರೆ ಹುಟ್ಟಿದ ನಾಲ್ಕು ವಾರದೊಳಗೆ ಮಗುವಿನ ಕಣ್ಣಿನ ಪರದೆ ಪರೀಕ್ಷೆ, ಆರ್‌ಒಪಿ ಪರೀಕ್ಷೆ, ಆಗಲೇಬೇಕು. ಡಾಕ್ಟರು ಇನ್ನು ಸಾಕು ಅನ್ನುವವರೆಗೆ ಮತ್ತೆ ಮತ್ತೆ ತೋರಿಸಬೇಕು. ತಡವಾದರೆ ದೃಷ್ಟಿಯೇ ಹೋಗಬಹುದು. ಅದು ಮುಗಿಯದೆ ಟಿಕೆಟ್ ಮಾಡಿಸಬೇಡ. ಅಮ್ಮನನ್ನೇ ಇಲ್ಲಿಗೆ ಕರೆಸು.

ಅರ್ಥವಾಗದಿದ್ದರೆ ತಲೆಯಾಡಿಸಬೇಡ. 'ಮಲಾ ಸಮಜಲಂ ನಾಹೀ' ಅನ್ನು, ಇಲ್ಲವೇ ಅಲ್ಲಿಂದಲೇ ನನಗೆ ಫೋನ್ ಮಾಡಿ ಸಿಸ್ಟರ್ ಕೈಗೆ ಕೊಡು, ನಾನು ಮಾತಾಡುತ್ತೇನೆ. ಯಾವ ಆಸ್ಪತ್ರೆ, ಹೊರಗಿನವರನ್ನು ಎಷ್ಟು ಗಂಟೆಗೆ ಬಿಡುತ್ತಾರೆ ಅಂತ ಬರೆ. ಭಾನುವಾರ ಮೆಂತೆ ಗಂಜಿ ತರುತ್ತೇನೆ, ಓಲೆಬೆಲ್ಲ ಊರಿನದೇ ಇದೆ.