ಎಚ್-1ಬಿ ಕೆಲಸ ಹೋದ ಮೇಲಿನ ಅರವತ್ತು ದಿನ: ಲೆಕ್ಕ ಎಲ್ಲಿಂದ, ಅರ್ಜಿ ಯಾವಾಗ

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದಲ್ಲಿ ಎಚ್-1ಬಿ ಉದ್ಯೋಗ ವೀಸಾ ಮೇಲೆ ಇದ್ದೀರಿ. ಮಾರ್ಚ್ 13 ಕೊನೆಯ ದಿನ ಅಂತ ಕಂಪನಿಯಿಂದ ಪತ್ರ ಬಂದಿದೆ, ಎರಡು ತಿಂಗಳ ಸೆವೆರೆನ್ಸ್ (ಕೆಲಸದಿಂದ ತೆಗೆಯುವಾಗಿನ ಪರಿಹಾರ ಹಣ) ಕೊಡುತ್ತಾರೆ. ಎಚ್-1ಬಿ ಮಂಜೂರಾತಿ ಪತ್ರವಾದ ಐ-797ರಲ್ಲಿ 2027ರವರೆಗೆ ಅವಧಿ ಇದೆ. ಮನೆಯವರು ಮತ್ತು ಮಗು ನಿಮ್ಮನ್ನು ಅವಲಂಬಿಸಿದ ಎಚ್-4ನಲ್ಲಿದ್ದಾರೆ. ಕೆಲಸ ಹೋದವರಿಗೆ ಅಲ್ಲೇ ಉಳಿಯಲು ಕೊಡುವ ಅರವತ್ತು ದಿನ ಸೆವೆರೆನ್ಸ್ ಮುಗಿದ ಮೇಲೆ ಸಿಗುತ್ತದಾ? ಅಷ್ಟರಲ್ಲಿ ಕೆಲಸ ಸಿಗದಿದ್ದರೆ ಬಿ-2 (ಪ್ರವಾಸಿ ಸ್ಟೇಟಸ್) ಹಾಕಿ ಇರಬಹುದಾ?

ಮೊದಲನೆಯದಕ್ಕೆ ಉತ್ತರ: ಇಲ್ಲ. ಸೆವೆರೆನ್ಸ್ ಕೆಲಸಕ್ಕೆ ಕೊಡುವ ಸಂಬಳವಲ್ಲ, ಕೆಲಸ ಮುಗಿದದ್ದಕ್ಕೆ ಕೊಡುವ ಹಣ. ಅದು ಬ್ಯಾಂಕಿಗೆ ಬರುತ್ತಿದೆ ಅಂತ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ನವರು ನಿಮ್ಮನ್ನು ಉದ್ಯೋಗಿ ಅಂತ ಎಣಿಸುವುದಿಲ್ಲ. ಕೆಲಸಕ್ಕೆ ಸಂಬಳ ಪಡೆದ ಕೊನೆಯ ದಿನದ ಮರುದಿನದಿಂದ ಎಣಿಕೆ ಶುರು. ಮಾರ್ಚ್ 14 ಒಂದನೇ ದಿನ, ಮಾರ್ಚ್ ಮುಗಿಯುವಾಗ 18 ದಿನ, ಏಪ್ರಿಲ್ ಮುಗಿಯುವಾಗ 48, ಮೇ 12ಕ್ಕೆ ಅರವತ್ತು. ಈ ದಿನಾಂಕವನ್ನು ಬರೆದು ಗೋಡೆಗೆ ಅಂಟಿಸಿ. ಶನಿವಾರ, ಭಾನುವಾರ, ರಜೆ ಎಲ್ಲವೂ ಇದರೊಳಗೇ.

ಆದರೆ ಆ ಮೇ 12 ಕೂಡ ಖಚಿತವಲ್ಲ. 2017ರ ಜನವರಿಯಲ್ಲಿ ಜಾರಿಗೆ ಬಂದ ಈ ನಿಯಮ ಹೇಳುವುದು "ಅರವತ್ತು ದಿನದವರೆಗೆ, ಇಲ್ಲವೇ ಅಧಿಕೃತ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅದು" ಅಂತ. ಐ-797 ನೋಡಿ ನಿಶ್ಚಿಂತೆಯಿಂದ ಇರುವವರು ಎಡವುವುದು ಇಲ್ಲೇ. ಭಾರತಕ್ಕೆ ಹೋಗಿ ವಾಪಸ್ ಬಂದಾಗ ಪಾಸ್‌ಪೋರ್ಟ್ ಅವಧಿ ಕಡಿಮೆ ಇದ್ದರೆ, ವಿಮಾನ ನಿಲ್ದಾಣದ ಅಧಿಕಾರಿ ಐ-94 (ಎಷ್ಟು ದಿನ ಇರಬಹುದು ಅನ್ನುವ ಪ್ರವೇಶ ದಾಖಲೆ) ಅನ್ನು ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ನಿಲ್ಲಿಸುತ್ತಾರೆ. ಕೈಯಲ್ಲಿರುವ ಐ-797 2027 ಅನ್ನುತ್ತಿರುತ್ತದೆ, ಆಮೇಲೆ ಬಂದ ಐ-94 ಮಾತ್ರ ಬರುವ ತಿಂಗಳೇ ಮುಗಿಯುತ್ತಿರುತ್ತದೆ. ಸಾಮಾನ್ಯವಾಗಿ ಕೊನೆಯದಾಗಿ ಕೊಟ್ಟ ಐ-94ನದೇ ಮಾತು ನಡೆಯುವುದು. ಇವತ್ತೇ ಸಿಬಿಪಿ (ಅಮೆರಿಕದ ಗಡಿ ಇಲಾಖೆ) ಜಾಲತಾಣಕ್ಕೆ ಹೋಗಿ ಮೂವರ ಐ-94 ಅನ್ನೂ ಬೇರೆ ಬೇರೆಯಾಗಿ ಇಳಿಸಿಕೊಂಡು ನೋಡಿ. ಮಗುವಿನ ಪಾಸ್‌ಪೋರ್ಟ್ ಐದೇ ವರ್ಷದ್ದಾದ್ದರಿಂದ ಮಗುವಿನದು ಮೊದಲೇ ಮುಗಿದಿರುವ ಸಾಧ್ಯತೆ ಹೆಚ್ಚು.

ಇನ್ನು ದಾರಿಗಳು. ಎಲ್ಲಕ್ಕಿಂತ ಒಳ್ಳೆಯದು, ಅರವತ್ತು ದಿನದೊಳಗೆ ಹೊಸ ಕಂಪನಿ ನಿಮ್ಮ ಹೆಸರಿನಲ್ಲಿ ಎಚ್-1ಬಿ ಪೆಟಿಷನ್ (ಕಂಪನಿಯ ಅರ್ಜಿ) ಸಲ್ಲಿಸುವುದು. ನಿಮ್ಮನ್ನು ಆಗಲೇ ಎಚ್-1ಬಿಯ ವಾರ್ಷಿಕ ಕೋಟಾದಲ್ಲಿ ಎಣಿಸಿರುವುದರಿಂದ ಮತ್ತೆ ಲಾಟರಿ ಇಲ್ಲ. ಪೆಟಿಷನ್ ಯುಎಸ್‌ಸಿಐಎಸ್ ತಲುಪಿದರೆ ಸಾಕು, ಮಂಜೂರಾತಿಗೆ ಕಾಯದೆ ಕೆಲಸಕ್ಕೆ ಸೇರಬಹುದು. ಆದರೆ ಆಫರ್ ಲೆಟರ್ ಬಂದ ದಿನವೇ ಪೆಟಿಷನ್ ಹೋಗುವುದಿಲ್ಲ. ಮೊದಲು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ (ಸಂಬಳ, ಕೆಲಸದ ಷರತ್ತುಗಳ ಬಗ್ಗೆ ಕಂಪನಿ ಕೊಡುವ ಅರ್ಜಿ) ಮಂಜೂರಾಗಬೇಕು, ಅದಕ್ಕೇ ಏಳು ಕೆಲಸದ ದಿನ ಬೇಕು. ಆಮೇಲೆ ಅವರ ವಕೀಲರು ನಿಮ್ಮ ಪದವಿ ಪತ್ರ, ಪೇ ಸ್ಲಿಪ್ ಕೇಳಿ, ಫಾರ್ಮ್ ತುಂಬಿ, ಸಹಿ ಹಾಕಿಸಿ ಕಳಿಸಬೇಕು. ಹಾಗಾಗಿ ಮೇ 12ಕ್ಕೆ ಗಡುವಿದ್ದರೆ ಏಪ್ರಿಲ್ 20ರ ಹೊತ್ತಿಗೆ ಆಫರ್ ಕೈಯಲ್ಲಿರಬೇಕು ಅಂತಲೇ ಲೆಕ್ಕ ಹಾಕಿಕೊಳ್ಳಿ. ಸಂದರ್ಶನದ ಮೊದಲ ಸುತ್ತಿನಲ್ಲೇ ನಿಮ್ಮ ಗಡುವನ್ನು ಎಚ್‌ಆರ್‌ಗೆ ತಿಳಿಸಿ. ಮುಚ್ಚಿಟ್ಟು ಕೊನೆಗೆ ಹೇಳಿದರೆ ನಷ್ಟ ನಿಮಗೇ.

ಏಪ್ರಿಲ್ ಮೂರನೇ ವಾರಕ್ಕೂ ಆಫರ್ ಬರದಿದ್ದರೆ ಬಿ-2ಗೆ ಬದಲಾಗಲು ಸ್ಟೇಟಸ್ ಬದಲಾವಣೆಯ ಫಾರ್ಮ್ ಐ-539 ಸಲ್ಲಿಸಿ. ಮೇ 11ರವರೆಗೆ ಕಾಯಬೇಡಿ. ಸಹಿ ತಪ್ಪಿದರೆ, ಫಾರ್ಮ್‌ನ ಹಳೆ ಆವೃತ್ತಿ ಬಳಸಿದರೆ, ಶುಲ್ಕ ಹೆಚ್ಚುಕಮ್ಮಿಯಾದರೆ ಇಡೀ ಕಟ್ಟನ್ನು ಹಿಂದಕ್ಕೆ ಕಳಿಸುತ್ತಾರೆ. ಹಿಂದಕ್ಕೆ ಬಂದ ಅರ್ಜಿಗೆ ಮೊದಲ ದಿನಾಂಕ ಉಳಿಯುವುದಿಲ್ಲ. ಅಂಚೆಗೆ ಹಾಕಿದ ದಿನವಲ್ಲ, ಅವರಿಗೆ ತಲುಪಿದ ದಿನ ಲೆಕ್ಕಕ್ಕೆ. ಶುಲ್ಕ ಬದಲಾಗುತ್ತಿರುತ್ತದೆ, ಕಳಿಸುವ ದಿನವೇ ಅವರ ಜಾಲತಾಣದಲ್ಲಿ ನೋಡಿ. ಮನೆಯವರಿಗೂ ಮಗುವಿಗೂ ಒಂದೊಂದು ಐ-539ಎ (ಜೊತೆಗಿರುವವರ ಪೂರಕ ಫಾರ್ಮ್) ಸೇರಿಸಬೇಕು. ನಿಮ್ಮ ಸ್ಟೇಟಸ್ ಬಿದ್ದರೆ ಅವರ ಎಚ್-4 ಕೂಡ ಅದರೊಂದಿಗೇ ಹೋಗುತ್ತದೆ, ಅವರಿಗೆ ಪ್ರತ್ಯೇಕ ಕಾಲಾವಕಾಶ ಇಲ್ಲ.

ಅರ್ಜಿಯ ಜೊತೆಗಿನ ಪತ್ರದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ: ಮನೆ ಬಾಡಿಗೆ ಕರಾರು ಯಾವಾಗ ಮುಗಿಯುತ್ತದೆ, ಮಗುವಿನ ಶಾಲಾ ವರ್ಷ ಯಾವಾಗ ಮುಗಿಯುತ್ತದೆ, ಕಾರು ಮಾರಬೇಕು, ಯಾವ ದಿನ ಹೊರಡುತ್ತೀರಿ. ಹೊರಡುವ ದಿನ ಖಚಿತವಾಗಿರಲಿ. ಅಲ್ಲಿಯವರೆಗೆ ಕೆಲಸವಿಲ್ಲದೆ ಮೂವರೂ ಬದುಕಲು ಹಣ ಇದೆ ಅಂತ ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ. ಸೆವೆರೆನ್ಸ್ ಪತ್ರ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ಬಿ-2ನಲ್ಲಿದ್ದು ಕೆಲಸ ಹುಡುಕುವುದಕ್ಕೆ, ಸಂದರ್ಶನಕ್ಕೆ ಹೋಗುವುದಕ್ಕೆ ಅಡ್ಡಿಯಿಲ್ಲ ಅಂತ ಯುಎಸ್‌ಸಿಐಎಸ್ ಸ್ಪಷ್ಟವಾಗಿಯೇ ಹೇಳಿದೆ. ಕೆಲಸ ಮಾತ್ರ ಮಾಡುವಂತಿಲ್ಲ.

ಈಗ ಮುಖ್ಯವಾದ ಮಾತು. ಬಿ-2 ರಸೀದಿ ನಿಮಗೆ ಇಲ್ಲಿರಲು ಅವಕಾಶ ಕೊಡುತ್ತದೆ, ಸ್ಟೇಟಸ್ ಕೊಡುವುದಿಲ್ಲ. ಗಡುವಿನೊಳಗೆ ಸಲ್ಲಿಸಿದ ಅರ್ಜಿ ಬಾಕಿ ಇರುವಷ್ಟು ದಿನ ಅಕ್ರಮ ವಾಸದ ಎಣಿಕೆ ಆಗುವುದಿಲ್ಲ. ತಿರಸ್ಕಾರವಾದರೆ ಮರುದಿನದಿಂದಲೇ ಶುರು. ಅದು 180 ದಿನ ದಾಟಿದ ಮೇಲೆ ಹೊರಟರೆ ಮೂರು ವರ್ಷ, ಒಂದು ವರ್ಷ ತುಂಬಿದರೆ ಹತ್ತು ವರ್ಷ ವಾಪಸ್ ಬರುವಂತಿಲ್ಲ. ಅರ್ಜಿ ಬಾಕಿ ಇರುವಾಗ ಭಾರತಕ್ಕೆ ಹೋದರೆ ಅರ್ಜಿಯನ್ನು ಕೈಬಿಟ್ಟಂತೆ.

ಅರವತ್ತು ದಿನ ದಾಟಿ ಜುಲೈನಲ್ಲಿ ಆಫರ್ ಬಂತು ಅಂದುಕೊಳ್ಳಿ. ಆಗ ರಸೀದಿ ಹಿಡಿದು ಕೆಲಸಕ್ಕೆ ಸೇರುವ ಸೌಲಭ್ಯ ಇಲ್ಲ. ಎಚ್-1ಬಿಗೆ ಸ್ಟೇಟಸ್ ಬದಲಾವಣೆ ಮಂಜೂರಾಗಿ ಜಾರಿಗೆ ಬರಬೇಕು, ಅದು ಮಂಜೂರಾಗಲು ನಡುವಿನ ಬಿ-2 ಗಟ್ಟಿಯಾಗಿ ನಿಲ್ಲಬೇಕು. ಬೇಗ ತೀರ್ಮಾನ ಪಡೆಯಲು ಕಂಪನಿ ಪ್ರೀಮಿಯಂ ಶುಲ್ಕ ಕಟ್ಟಿದರೂ ಅದು ಬಿ-2 ಅರ್ಜಿಯನ್ನು ಮುಂದಕ್ಕೆ ತಳ್ಳುವುದಿಲ್ಲ. ಬಿ-2 ತಿರಸ್ಕಾರವಾದರೆ ಪೆಟಿಷನ್ ಮಾತ್ರ ಮಂಜೂರಾಗಬಹುದು. ನೀವು ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕಾಗುತ್ತದೆ. 2025ರ ಸೆಪ್ಟೆಂಬರ್ 21ರಿಂದ ಅದು ದುಬಾರಿ ದಾರಿ. ದೇಶದ ಹೊರಗಿರುವ, ಚಾಲ್ತಿಯಲ್ಲಿರುವ ಎಚ್-1ಬಿ ವೀಸಾ ಇಲ್ಲದವರ ಹೊಸ ಪೆಟಿಷನ್‌ಗೆ 1,00,000 ಡಾಲರ್ ಕಟ್ಟಬೇಕು ಅನ್ನುವ ಅಧ್ಯಕ್ಷರ ಘೋಷಣೆ ಅಂದಿನಿಂದ ಬಂತು. ಒಳಗಿದ್ದು ಸ್ಟೇಟಸ್ ಬದಲಾವಣೆ ಕೇಳಿ ಅದಕ್ಕೆ ಅರ್ಹತೆ ಇಲ್ಲ ಅಂತಾದರೂ ಅದೇ ಮೊತ್ತ. ಆ ಘೋಷಣೆ ಹನ್ನೆರಡು ತಿಂಗಳಿಗೆ ಅಂತ ಹೊರಡಿಸಿದ್ದು. ನಿಮ್ಮ ಪೆಟಿಷನ್ ಹೋಗುವ ಹೊತ್ತಿಗೆ ಜಾರಿಯಲ್ಲಿದೆಯಾ ಅಂತ ವಕೀಲರನ್ನು ಕೇಳಿ. ಹೀಗಾಗಿ ಸಂಬಳ ಸ್ವಲ್ಪ ಕಡಿಮೆಯಾದರೂ ಮೇ 12ರೊಳಗೆ ಪೆಟಿಷನ್ ಹಾಕುವ ಕಂಪನಿಯನ್ನೇ ಒಪ್ಪಿಕೊಳ್ಳಿ ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ.

ಓದಲು ಮನಸ್ಸಿದ್ದರೆ ಎಫ್-1 ವಿದ್ಯಾರ್ಥಿ ಸ್ಟೇಟಸ್‌ಗೂ ಬದಲಾಗಬಹುದು: ಕಾಲೇಜಿನಿಂದ ಐ-20 (ವಿದ್ಯಾರ್ಥಿ ಅರ್ಹತಾ ಪತ್ರ), ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲಾತಿ ವ್ಯವಸ್ಥೆ) ಶುಲ್ಕ, ಅದೇ ಐ-539. ಆದರೆ ಮೊದಲ ದಿನದಿಂದಲೇ ಕೆಲಸ ಮಾಡಬಹುದು ಅಂತ ಆಸೆ ತೋರಿಸುವ ಕಾಲೇಜುಗಳಿಂದ ದೂರ ಇರಿ. ಮುಂದೆ ಎಚ್-1ಬಿ ಹಾಕುವಾಗ ಅದರ ಮೇಲೇ ಪ್ರಶ್ನೆ ಬರುತ್ತದೆ.

ಅವಧಿ ಮುಗಿಯುವ ಮುನ್ನ ಕಂಪನಿಯೇ ತೆಗೆದರೆ ನೀವು ಊರಿಗೆ ಮರಳುವ ಪ್ರಯಾಣದ ನ್ಯಾಯವಾದ ಖರ್ಚನ್ನು ಅವರೇ ಕೊಡಬೇಕು. ಇದು ನಿಮಗೆ ಮಾತ್ರ, ಕುಟುಂಬಕ್ಕಲ್ಲ; ನೀವಾಗಿ ರಾಜೀನಾಮೆ ಕೊಟ್ಟರೆ ಇದೂ ಇಲ್ಲ. ಹಾಗಾಗಿ "ನೀವೇ ರಾಜೀನಾಮೆ ಬರೆದುಕೊಡಿ" ಅಂದರೆ ಅವಸರಪಟ್ಟು ಸಹಿ ಹಾಕಬೇಡಿ.

ಮಾರ್ಚ್ 13ರ ಸಂಜೆ ಲ್ಯಾಪ್‌ಟಾಪ್ ವಾಪಸ್ ಕೊಟ್ಟ ಮೇಲೆ ಕಂಪನಿಯ ಪೋರ್ಟಲ್ ತೆರೆಯುವುದಿಲ್ಲ. ಅದಕ್ಕೆ ಮೊದಲೇ ಎಲ್ಲ ಪೇ ಸ್ಲಿಪ್, ಡಬ್ಲ್ಯು-2 (ವರ್ಷದ ಸಂಬಳ-ತೆರಿಗೆ ಪತ್ರ), ಪ್ರತಿ ಐ-797, ಎಲ್‌ಸಿಎ ಪ್ರತಿ ಇಳಿಸಿಕೊಳ್ಳಿ. ಮಾಡಿದ ಕೆಲಸದ ವಿವರ ಇರುವ ಅನುಭವ ಪತ್ರವನ್ನು ಮ್ಯಾನೇಜರ್‌ ಕೈಯಿಂದ ಸಹಿ ಹಾಕಿಸಿ ತೆಗೆದುಕೊಳ್ಳಿ. ಮುಂದಿನ ಕಂಪನಿ ನಿಮ್ಮ ಗ್ರೀನ್ ಕಾರ್ಡ್‌ಗಾಗಿ ಮಾಡುವ ಪರ್ಮ್‌ಗೆ (ಕಾರ್ಮಿಕ ಇಲಾಖೆಯ ಪ್ರಮಾಣೀಕರಣ) ಅದೇ ಬೇಕು. ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಐ-140 ಅರ್ಜಿ ಆಗಿದ್ದರೆ ಅದರ ಪ್ರತಿ ಮತ್ತು ಪ್ರಯಾರಿಟಿ ಡೇಟ್ (ಸರದಿಯಲ್ಲಿ ನಿಮ್ಮ ಸ್ಥಾನ ಹೇಳುವ ದಿನಾಂಕ) ಕೇಳಿ ಪಡೆಯಿರಿ. ಮಂಜೂರಾಗಿ 180 ದಿನ ಕಳೆದಿದ್ದರೆ ಆಮೇಲೆ ಕಂಪನಿ ಹಿಂತೆಗೆದುಕೊಂಡಿತು ಅನ್ನುವ ಒಂದೇ ಕಾರಣಕ್ಕೆ ಅದು ರದ್ದಾಗುವುದಿಲ್ಲ, ಎಚ್-1ಬಿಯ ಆರು ವರ್ಷದ ಗರಿಷ್ಠ ಮಿತಿ ದಾಟಿ ವಿಸ್ತರಿಸಲು ಹೊಸ ಕಂಪನಿ ಅದನ್ನೇ ಬಳಸಿಕೊಳ್ಳಬಹುದು.