ಕೆಂಪು ಹೋಯಿತಲ್ಲ, ಇನ್ನೂ ಡ್ರಾಪ್ಸ್ ಯಾಕೆ?

ಪ್ರಶ್ನೆ: ನನಗೆ 38 ವರ್ಷ. ಎರಡು ವಾರದ ಹಿಂದೆ ಬಲಗಣ್ಣು ಕೆಂಪಾಗಿ, ಬೆಳಕು ಕಂಡರೆ ನೋವಾಗುತ್ತಿತ್ತು. ಕಣ್ಣಿನ ಡಾಕ್ಟರು ಇದು ಐರೈಟಿಸ್ ಎಂದರು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಡ್ರಾಪ್ಸನ್ನು ಮೊದಲು ಗಂಟೆಗೊಂದು ಸಲ, ಆಮೇಲೆ ದಿನಕ್ಕೆ ಆರು ಸಲ, ನಾಲ್ಕು ಸಲ, ಹೀಗೆ ಇಳಿಸುತ್ತಾ ಆರು ವಾರ ಹಾಕಬೇಕಂತೆ. ಜೊತೆಗೆ ಪಾಪೆ ಹಿಗ್ಗಿಸುವ ಇನ್ನೊಂದು ಡ್ರಾಪ್ಸ್ ಇದೆ. ಐದೇ ದಿನಕ್ಕೆ ಕೆಂಪು, ನೋವು ಎರಡೂ ಹೋದವು. ಸ್ಟೀರಾಯ್ಡ್ ಜಾಸ್ತಿ ಹಾಕಿದರೆ ಕಣ್ಣೇ ಹೋಗುತ್ತದೆ ಎಂದು ಮನೆಯಲ್ಲಿ ಹೆದರಿಸುತ್ತಿದ್ದಾರೆ. ಈಗಲೇ ನಿಲ್ಲಿಸಬಹುದಾ? ಉಳಿದದ್ದನ್ನು ಮುಂದೆ ಕಣ್ಣು ಕೆಂಪಾದಾಗ ಬಳಸಬಹುದಾ?

ಉತ್ತರ: ಎರಡೂ ಬೇಡ. ಈಗ ನಿಲ್ಲಿಸಬೇಡಿ, ಉಳಿದದ್ದನ್ನು ಎತ್ತಿಡಬೇಡಿ.

ನಿಮ್ಮ ಮನೆಯವರ ಹೆದರಿಕೆ ಪೂರ್ತಿ ಸುಳ್ಳೇನಲ್ಲ. ಆದರೆ ಅದು ತಪ್ಪು ಜಾಗದಲ್ಲಿ ಬಂದು ಕೂತಿದೆ. ಸ್ಟೀರಾಯ್ಡ್ ಡ್ರಾಪ್ಸಿನಿಂದ ಕಣ್ಣು ಕಳೆದುಕೊಂಡವರು ಇದ್ದಾರೆ. ಸಾಮಾನ್ಯವಾಗಿ ಅವರು ತಾವಾಗಿಯೇ ಶುರು ಮಾಡಿದವರು, ಇಲ್ಲವೇ ತಪಾಸಣೆಗೇ ಹೋಗದೆ ತಿಂಗಳುಗಟ್ಟಲೆ ಹಾಕಿಕೊಂಡವರು. ನಿಮ್ಮ ಕಾಯಿಲೆಯಲ್ಲಿ ಡ್ರಾಪ್ಸ್ ಹಾಕದೆ ಬಿಟ್ಟರೇ ಕಣ್ಣಿಗೆ ಅಪಾಯ ಹೆಚ್ಚು.

ಐರೈಟಿಸ್ ಎಂದರೆ ಕಣ್ಣಿನೊಳಗೆ, ಪಾಪೆಯ ಸುತ್ತಲಿನ ಬಣ್ಣದ ಪರದೆಗೆ ಆಗುವ ಉರಿಯೂತ. ಹೊರಗೆ ಕಾಣುವ ಕೆಂಪು ಅದರ ಸುಳಿವು ಅಷ್ಟೇ. ಕಣ್ಣೊಳಗನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಎಂಬ ಯಂತ್ರದಲ್ಲಿ ನಾವು ನೋಡುವುದೇ ಬೇರೆ. ಕತ್ತಲೆ ಕೋಣೆಗೆ ಬಿಸಿಲುಕೋಲು ಬಿದ್ದಾಗ ಧೂಳಿನ ಕಣಗಳು ತೇಲುತ್ತವಲ್ಲ, ಹಾಗೆ ಕಣ್ಣಿನ ಮುಂಭಾಗದ ತಿಳಿನೀರಿನಲ್ಲಿ ಬಿಳಿ ರಕ್ತಕಣಗಳು ತೇಲುತ್ತಿರುತ್ತವೆ. ನೋವು, ಕೆಂಪು ಮೊದಲು ಹೋಗುತ್ತವೆ. ಈ ಕಣಗಳು ಹೋಗಲು ವಾರಗಳೇ ಬೇಕು. ಅವು ಇರುವಾಗಲೇ ಮದ್ದು ಬಿಟ್ಟರೆ ಉರಿಯೂತ ಮತ್ತೆ ಹೊತ್ತಿಕೊಳ್ಳುತ್ತದೆ, ಕೆಲವು ಸಲ ಮೊದಲಿಗಿಂತ ಜೋರಾಗಿ. ಬಣ್ಣದ ಪರದೆ ತನ್ನ ಹಿಂದಿರುವ, ಕಣ್ಣಿನದೇ ಆದ ಲೆನ್ಸಿಗೆ ಅಂಟಿಕೊಂಡು ಪಾಪೆಯ ಆಕಾರ ಕೆಡಬಹುದು. ಆ ಅಂಟು ಪಾಪೆಯ ಸುತ್ತಲೂ ಆವರಿಸಿದರೆ ಒಳಗಿನ ನೀರಿನ ದಾರಿ ಕಟ್ಟಿ ಒತ್ತಡ ಏರುತ್ತದೆ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಕೊಟ್ಟಿರುವುದು ಹೀಗೆ ಅಂಟಬಾರದು ಎಂದೇ. ಅದನ್ನು ಹಾಕಿದಾಗ ಹತ್ತಿರದ ಅಕ್ಷರ ಮಸುಕಾಗುತ್ತದೆ, ಬೆಳಕು ಚುಚ್ಚುತ್ತದೆ. ಹಾಗಂತ ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ. ಡಾಕ್ಟರು ಸಾಕು ಅನ್ನುವವರೆಗೆ ಹಾಕಿ, ಆ ದಿನಗಳಲ್ಲಿ ವಾಹನ ಓಡಿಸಬೇಡಿ.

ಈಗ ಮನೆಯವರು ಹೆದರುವ ವಿಷಯಕ್ಕೆ ಬರೋಣ. ಸ್ಟೀರಾಯ್ಡ್ ಹಾಕಿದಾಗ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ. ಕಣ್ಣೊಳಗಿನ ನೀರು ಹೊರಹೋಗುವ ಜಾಲರಿಯಲ್ಲಿ ಹರಿವು ನಿಧಾನವಾಗುವುದೇ ಕಾರಣ. ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ (ಪಾದರಸದ ಅಳತೆಯಲ್ಲಿ) ಇರುತ್ತದೆ. ಪ್ರಬಲ ಸ್ಟೀರಾಯ್ಡನ್ನು ನಾಲ್ಕರಿಂದ ಆರು ವಾರ ಹಾಕಿದರೆ ಮೂವರಲ್ಲಿ ಒಬ್ಬರಿಗೆ ಒಂದಿಷ್ಟು ಏರುತ್ತದೆ. ನೂರರಲ್ಲಿ ಸುಮಾರು ಐದು ಜನರಿಗೆ ಮೊದಲಿದ್ದದ್ದಕ್ಕಿಂತ 15 ಮಿಲಿಮೀಟರಿಗೂ ಹೆಚ್ಚು ಮೇಲಕ್ಕೆ ಜಿಗಿಯುತ್ತದೆ. ನಿಮಗೆ ಹೇಗೆ ಅಂತ ಮುಖ ನೋಡಿ ಹೇಳಲು ಬರುವುದಿಲ್ಲ, ಅಳೆದೇ ನೋಡಬೇಕು. ಯಾಕೆಂದರೆ ಈ ಏರಿಕೆಗೆ ನೋವಿಲ್ಲ, ಕೆಂಪಿಲ್ಲ, ಶುರುವಿನಲ್ಲಿ ನೋಟವೂ ಮಂಜಾಗುವುದಿಲ್ಲ. ಡ್ರಾಪ್ಸ್ ನಿಲ್ಲಿಸಿದರೆ ಬಹಳ ಜನರಲ್ಲಿ ಒತ್ತಡ ಇಳಿಯುತ್ತದೆ. ಆದರೆ ಅಷ್ಟರಲ್ಲಿ ಕಣ್ಣಿನ ನರಕ್ಕೆ ಪೆಟ್ಟಾಗಿದ್ದರೆ ಅದು ಸರಿಹೋಗುವುದಿಲ್ಲ.

ಹಾಗಾಗಿ, ಮತ್ತೆ ತೋರಿಸಲು ಕೊಟ್ಟ ದಿನವನ್ನು ಮಾತ್ರ ತಪ್ಪಿಸಬೇಡಿ. ನಿಮಗೋ, ಅಪ್ಪ ಅಮ್ಮ ಒಡಹುಟ್ಟಿದವರಿಗೋ ಗ್ಲಾಕೋಮಾ (ಸಾಮಾನ್ಯವಾಗಿ ಒತ್ತಡ ಏರಿ ಕಣ್ಣಿನ ನರ ಕೆಡುವ ಕಾಯಿಲೆ) ಇದ್ದರೆ ಈಗಲೇ ಡಾಕ್ಟರಿಗೆ ಹೇಳಿ. ಜಾಸ್ತಿ ಮೈನಸ್ ಪವರಿನ ಕನ್ನಡಕ, ಸಕ್ಕರೆ ಕಾಯಿಲೆ, ರುಮಟಾಯ್ಡ್ ಸಂಧಿವಾತ ಇದ್ದವರಿಗೂ ಈ ಮಾತು ಅನ್ವಯ. ಒತ್ತಡ ಏರಿದರೂ ದಾರಿ ಇದೆ. ಒತ್ತಡ ಇಳಿಸುವ ಡ್ರಾಪ್ಸ್ ಸೇರಿಸಬಹುದು, ಇಲ್ಲವೇ ಫ್ಲೋರೋಮೆಥೋಲೋನ್, ಲೋಟೆಪ್ರೆಡ್ನಾಲಿನಂತಹ, ಒತ್ತಡವನ್ನು ಕಡಿಮೆ ಏರಿಸುವ ಸ್ಟೀರಾಯ್ಡಿಗೆ ಬದಲಿಸಬಹುದು. ಅವು ಅಷ್ಟು ಪ್ರಬಲ ಅಲ್ಲ, ಅದಕ್ಕೇ ಈ ನಿರ್ಧಾರ ಡಾಕ್ಟರದ್ದೇ ಆಗಿರಬೇಕು. ದೀರ್ಘಕಾಲ ಹಾಕಿದರೆ ಲೆನ್ಸಿನ ಹಿಂಭಾಗದಲ್ಲಿ ಪೊರೆ ಬರುವ ಸಾಧ್ಯತೆಯೂ ಇದೆ. ಆದರೆ ಅದು ನಿಮ್ಮ ಆರು ವಾರದ ಚಿಕಿತ್ಸೆಯಲ್ಲಿ ತಲೆಕೆಡಿಸಿಕೊಳ್ಳುವ ಸಂಗತಿಯಲ್ಲ.

ಇನ್ನು ಬಾಟಲಿ ಎತ್ತಿಡುವ ವಿಷಯ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕಣ್ಣು ಕೆಂಪಾಗಲು ಹತ್ತಾರು ಕಾರಣ ಇವೆ. ತುಟಿಯ ಮೇಲೆ ನೀರ್ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಕೊಂಬೆ ಕೊಂಬೆಯಾಗಿ ಹುಣ್ಣು ಮಾಡುತ್ತದೆ. ಆ ಹುಣ್ಣಿಗೆ ಬರೀ ಸ್ಟೀರಾಯ್ಡ್ ಹಾಕಿದರೆ ವೈರಸ್ಸಿಗೆ ರಾಜ ಮರ್ಯಾದೆ ಕೊಟ್ಟ ಹಾಗೆ. ಕಡ್ಡಿ, ಎಲೆ ತಗುಲಿ ಬರುವ ಫಂಗಸ್ ಸೋಂಕಿನ ಕಥೆಯೂ ಅದೇ. ಇದರಲ್ಲಿ ಮೋಸ ಏನೆಂದರೆ, ಮೊದಲ ಎರಡು ಮೂರು ದಿನ ಹಾಯೆನಿಸುತ್ತದೆ, ಕೆಂಪು ಇಳಿಯುತ್ತದೆ. ಒಳಗೆ ಹುಣ್ಣು ಆಳಕ್ಕೆ ಇಳಿಯುತ್ತಿರುತ್ತದೆ. ಆಂಟಿಬಯಾಟಿಕ್ ಜೊತೆಗೆ ಸ್ಟೀರಾಯ್ಡ್ ಸೇರಿಸಿದ ಡ್ರಾಪ್ಸೂ ಬರುತ್ತವೆ. ಆಂಟಿಬಯಾಟಿಕ್ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ, ಅದು ವೈರಸ್ಸಿಗೂ ಫಂಗಸ್ಸಿಗೂ ತಾಗುವುದಿಲ್ಲ. ನಿಮ್ಮ ಐರೈಟಿಸ್ಸೇ ಮರುಕಳಿಸಬಹುದು, ಅದು ನಿಜ. ಆಗಲೂ ಮೊದಲು ತೋರಿಸಿ, ಆಮೇಲೆ ಮದ್ದು. ಜೊತೆಗೆ, ಒಮ್ಮೆ ಮುಚ್ಚಳ ತೆರೆದ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರಕ್ಕಷ್ಟೇ ಸರಿ. ತೆರೆದ ತಾರೀಖನ್ನು ಅದರ ಮೇಲೆಯೇ ಬರೆದಿಡಿ.

ಡ್ರಾಪ್ಸ್ ಹಾಕುವ ಬಗೆಯನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಇದರಲ್ಲಿ ಎಡವುವವರು ಬಹಳ. ಪ್ರೆಡ್ನಿಸೊಲೋನ್ ಅಸಿಟೇಟ್ ನೀರಿನಲ್ಲಿ ಕರಗಿದ ಮದ್ದಲ್ಲ, ಪುಡಿ ತೇಲುವ ಬಿಳಿ ದ್ರವ. ಸುಮ್ನೆ ಇಟ್ಟರೆ ಮದ್ದು ತಳ ಸೇರುತ್ತದೆ. ಚೆನ್ನಾಗಿ ಕುಲುಕದಿದ್ದರೆ ನೀವು ಹಾಕಿಕೊಂಡದ್ದು ಬರೀ ತಿಳಿ. ಕೈ ತೊಳೆದು, ಕೆಳರೆಪ್ಪೆ ಎಳೆದು, ಆ ಜೇಬಿನಂತಹ ಜಾಗಕ್ಕೆ ಒಂದೇ ಹನಿ ಬಿಡಿ. ಆ ಜಾಗ ಹಿಡಿಯುವುದು ಒಂದು ಹನಿಗಿಂತ ಕಡಿಮೆಯೇ. ಎರಡು ಹನಿ ಹಾಕಿದರೆ ಉಳಿದದ್ದು ಕೆನ್ನೆಗೆ. ತುದಿ ಕಣ್ಣಿಗೂ ರೆಪ್ಪೆಗೂ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಹಿಡಿಯಿರಿ. ಮದ್ದು ಗಂಟಲಿಗಿಳಿದು ಕಹಿಯಾಗುವುದು ತಪ್ಪುತ್ತದೆ, ಮೈಗೆ ಸೇರುವುದೂ ಕಡಿಮೆ. ಎರಡನೇ ಡ್ರಾಪ್ಸಿಗೆ ಐದು ನಿಮಿಷ ಬಿಡುವು ಇರಲಿ. ಒಂದು ಸಲ ಮರೆತರೆ ನೆನಪಾದಾಗ ಹಾಕಿ, ಮುಂದಿನದರ ಹೊತ್ತೇ ಆಗಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಕಾಂಟ್ಯಾಕ್ಟ್ ಲೆನ್ಸ್ ಈಗ ಬೇಡವೇ ಬೇಡ.

ನಡುವೆ ನೋಟ ಮಂಜಾದರೆ, ನೋವು ಮರಳಿದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ತಲೆನೋವಿನ ಜೊತೆ ವಾಂತಿ ಬಂದರೆ ಕೊಟ್ಟ ದಿನಕ್ಕೆ ಕಾಯಬೇಡಿ. ಅದೇ ದಿನ ಹೋಗಿ.

ಪ್ರಶ್ನೆ: ನಮ್ಮ ಮಗನಿಗೆ ಒಂಬತ್ತು ವರ್ಷ. ಅಲರ್ಜಿಯಿಂದ ಕಣ್ಣು ತುರಿಕೆ. ಹಿಂದೊಮ್ಮೆ ಬರೆದುಕೊಟ್ಟ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಡ್ರಾಪ್ಸನ್ನೇ ಮತ್ತೆ ತಂದು ನಾಲ್ಕು ತಿಂಗಳಿಂದ ಹಾಕುತ್ತಿದ್ದೇವೆ. ಹಾಕಿದರೆ ಆರಾಮ, ಬಿಟ್ಟರೆ ತುರಿಕೆ. ಮುಂದುವರಿಸಬಹುದಾ?

ಉತ್ತರ: ಇವತ್ತೋ ನಾಳೆಯೋ ಕಣ್ಣಿನ ಡಾಕ್ಟರಲ್ಲಿ ಮಗುವಿನ ಕಣ್ಣಿನ ಒತ್ತಡ ಅಳೆಸಿ. ಮಕ್ಕಳಲ್ಲಿ ಅದು ದೊಡ್ಡವರಿಗಿಂತ ಬೇಗ, ಜೋರಾಗಿ ಏರಬಹುದು, ಮಗು ಏನೂ ಹೇಳುವುದೂ ಇಲ್ಲ. ಲೆನ್ಸನ್ನೂ, ಕಣ್ಣಿನ ನರವನ್ನೂ ನೋಡಬೇಕು. ನಿಲ್ಲಿಸುವುದೋ, ನಿಧಾನವಾಗಿ ಇಳಿಸುವುದೋ ಅಲ್ಲೇ ತೀರ್ಮಾನವಾಗಲಿ.

ನಿಮ್ಮನ್ನು ಬೈಯುತ್ತಿಲ್ಲ. ಮಗು ಕಣ್ಣುಜ್ಜುತ್ತಾ ಅಳುವಾಗ ಕೈಗೆ ಸಿಕ್ಕ ಆರಾಮದ ಮದ್ದನ್ನು ಯಾವ ತಾಯಿ ತಂದೆ ಹಾಕುವುದಿಲ್ಲ ಹೇಳಿ? ಆದರೆ ಅಲರ್ಜಿ ಕಣ್ಣಿಗೆ ಸ್ಟೀರಾಯ್ಡ್ ಕೆಲವು ದಿನದ ಆಸರೆ ಅಷ್ಟೇ. ದಿನನಿತ್ಯಕ್ಕೆ ಓಲೋಪಟಡೀನ್ ಥರದ ಅಲರ್ಜಿ ಡ್ರಾಪ್ಸ್ ಇದೆ, ತಣ್ಣೀರು ಬಟ್ಟೆಯ ಪಟ್ಟಿ ಇದೆ. ಹಠಮಾರಿ ಅಲರ್ಜಿಗೆ ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ಇವೆ. ಇವು ಸ್ಟೀರಾಯ್ಡ್ ಅಲ್ಲ, ಕಣ್ಣಿನ ಒತ್ತಡ ಏರಿಸುವುದಿಲ್ಲ, ಆದರೆ ಕೆಲಸ ತೋರಿಸಲು ಕೆಲವು ವಾರ ಬೇಕು. ಕಣ್ಣುಜ್ಜುವುದನ್ನು ಬಿಡಿಸಿ. ವರ್ಷಗಟ್ಟಲೆ ಉಜ್ಜಿದರೆ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಸಾಧ್ಯತೆ ಇದೆ.

ಹೋಗುವಾಗ ಖಾಲಿ ಬಾಟಲಿಗಳಿದ್ದರೆ ಅವನ್ನೂ ಒಯ್ಯಿರಿ. ನಾಲ್ಕು ತಿಂಗಳಲ್ಲಿ ಎಷ್ಟು ಬಾಟಲಿ ಮುಗಿದಿವೆ ಎನ್ನುವುದು ನೋಡುವ ಡಾಕ್ಟರಿಗೆ ಬೇಕಾಗುತ್ತದೆ.